ಬಿಚ್ಚಿ ಕಟ್ಟಿದ ಗೇರ್‌ಬಾಕ್ಸ್ ಗೇರ್ ಹಾಕಿದರೆ ಹಿಡಿಯುತ್ತದೆಯೇ? ಹಿಡಿಯದ ಗೇರ್ ಯಾವುದೆಂದು ಮೊದಲು ನೋಡಿ

ಬೇರಿಂಗ್, ಸಿಂಕ್ರೋ ರಿಂಗ್ (ಗೇರ್ ಬೀಳುವ ಮೊದಲು ಗೇರಿನ ಮತ್ತು ಶಾಫ್ಟಿನ ವೇಗ ಹೊಂದಿಸುವ ಕಂಚಿನ ಬಳೆ), ಆಯಿಲ್ ಸೀಲ್ ಎಲ್ಲ ಹೊಸದು ಹಾಕಿ ಗೇರ್‌ಬಾಕ್ಸ್ ಕಟ್ಟಿದ್ದೀರಿ. ಮೇಜಿನ ಮೇಲಿಟ್ಟು ನ್ಯೂಟ್ರಲ್‌ನಲ್ಲಿ ತಿರುಗಿಸಿದರೆ ಒಂದು ಬೆರಳಿಗೇ ತಿರುಗುತ್ತದೆ. ಗಾಡಿಗೆ ಏರಿಸಿ ಗೇರ್ ಹಾಕಿದ ಕೂಡಲೇ ಹಿಡಿದುಕೊಳ್ಳುತ್ತದೆ. ಕ್ಲಚ್ ಬಿಟ್ಟರೆ ಎಂಜಿನ್ ಮುಕ್ಕಿ ಆಫ್ ಆಗುತ್ತದೆ. ಆಫ್ ಆಗದಿದ್ದರೆ ಬ್ರೇಕ್ ಒತ್ತಿಕೊಂಡೇ ಓಡಿಸಿದ ಹಾಗೆ ಗಾಡಿ ಭಾರವಾಗಿ ಹೋಗುತ್ತದೆ. ಆಗ ಎಲ್ಲರಿಗೂ ಬರುವ ಮೊದಲ ಯೋಚನೆ ಒಂದೇ, ಇಳಿಸಿ ಮತ್ತೆ ಪೂರ್ತಿ ಬಿಚ್ಚೋಣ ಅಂತ. ದಯವಿಟ್ಟು ಸ್ವಲ್ಪ ತಡೆಯಿರಿ. ಕಟ್ಟಿದ ಗೇರ್‌ಬಾಕ್ಸ್ ಎಲ್ಲಿ ಹಿಡಿಯುತ್ತಿದೆ ಎಂದು ತಾನೇ ತೋರಿಸುತ್ತದೆ. ಬಿಚ್ಚಿ ಹರಡಿದ ಮೇಲೆ ಆ ಗುರುತು ಉಳಿಯುವುದಿಲ್ಲ. ಕೈಯಲ್ಲಿ ಒಳ್ಳೆಯ ಗೇರುಗಳು, ಒಳ್ಳೆಯ ಬೇರಿಂಗುಗಳು ಮಾತ್ರ ಉಳಿಯುತ್ತವೆ.

ನಾನು ಇಲ್ಲಿ ಹೇಳುವುದು ಹಳೆಯ ಜೀಪಿನ ಟಿ-90 ಗೇರ್‌ಬಾಕ್ಸ್ ಬಗ್ಗೆ. ಬೋರ್ಗ್ ವಾರ್ನರ್ ಕಂಪನಿಯ ಮೂರು ಗೇರಿನ ಪೆಟ್ಟಿಗೆ ಇದು. ವಿಲ್ಲಿಸ್ ಜೀಪುಗಳಲ್ಲಿತ್ತು, ಮಹೀಂದ್ರ ಸಿಜೆ-3ಬಿ ಜೊತೆ ನಮ್ಮ ದೇಶದಲ್ಲೂ ಓಡಾಡಿತು. ಮೂಡಿಗೆರೆ, ಸಕಲೇಶಪುರ, ಕಳಸದ ಕಡೆ ತೋಟದ ಶೆಡ್ಡುಗಳಲ್ಲಿ ಇಂಥ ಜೀಪುಗಳು ಇನ್ನೂ ಇವೆ. ಮಳೆಗಾಲದಲ್ಲಿ ಬೇರೆ ಗಾಡಿ ಹತ್ತದ ಕಡೆ ಇವು ಹತ್ತುತ್ತವೆ. ನಮ್ಮ ಮನೆಯಲ್ಲೂ ಒಂದಿದೆ. ಆದರೆ ನೋಡುವ ಕ್ರಮ ಬೇರೆ ಗಾಡಿಗಳಿಗೂ ಇದೇ. ಅಳತೆಗಳು ಮಾತ್ರ ಬದಲಾಗುತ್ತವೆ.

ನಿಮ್ಮ ಬಳಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಹಾಳೆಗಳ ಗೊಂಚಲು), ಸೀಮೆಸುಣ್ಣ, ಒಂದು ಟಾರ್ಚ್, ಒಂದು ಪುಸ್ತಕ ಮತ್ತು ಪೆನ್ ಇರಲಿ. ಪೆನ್ನು ನಿಜವಾಗಿಯೂ ಬೇಕು. ಯಾವ ಗೇರಿನಲ್ಲಿ ಏನಾಯಿತು ಅಂತ ಬರೆದಿಡದಿದ್ದರೆ ಅರ್ಧ ಗಂಟೆಯಲ್ಲಿ ತಲೆಯಲ್ಲಿ ಎಲ್ಲ ಕಲಸಿಹೋಗುತ್ತದೆ.

ಮೊದಲು ಗೇರ್‌ಬಾಕ್ಸ್ ಅಲ್ಲದ್ದನ್ನು ಬದಿಗಿಡಿ

ಜೀಪನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮುಂದಿನ ಹಿಂದಿನ ಎರಡೂ ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು ನಾಲ್ಕು ಚಕ್ರವನ್ನೂ ನೆಲದಿಂದ ಎತ್ತಿ. ಬರೀ ಜಾಕ್ ನಂಬಿಕೊಂಡು ಕೆಳಗೆ ಮಲಗಬೇಡಿ. ಬ್ಯಾಟರಿ ವೈರ್ ತೆಗೆದಿಡಿ.

ಗೇರ್‌ಬಾಕ್ಸಿನ ಹಿಂದೆ, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದರ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಈಗ ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧ ತಪ್ಪಿತು. ಪೆಟ್ರೋಲ್ ಎಂಜಿನ್ ಆದರೆ ಪ್ಲಗ್ ಬಿಚ್ಚಿಡಿ. ಒಂದೊಂದೇ ಗೇರ್ ಹಾಕಿ ಎಂಜಿನ್ನನ್ನು ಹ್ಯಾಂಡಲಿನಿಂದ ತಿರುಗಿಸಿ. ಹಿಡಿತ ಹೋಗಿದೆಯೇ? ಹಾಗಾದರೆ ನಿಮ್ಮ ಗೇರ್‌ಬಾಕ್ಸ್ ಚೆನ್ನಾಗಿದೆ. ತೊಂದರೆ ಅದರ ಹಿಂದೆ ಇದೆ.

ಹಿಂದೆ ಅಂದರೆ ಎಲ್ಲಿ? ನಾನು ಮೊದಲು ನೋಡುವುದು ಹ್ಯಾಂಡ್ ಬ್ರೇಕ್. ಈ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ ಒಂದು ಡ್ರಮ್ ಇದೆ. ಗೇರ್‌ಬಾಕ್ಸ್ ಇಳಿಸುವಾಗ ಅದರ ಕೇಬಲ್ ಬಿಚ್ಚಿರುತ್ತೀರಿ. ವಾಪಸ್ ಕಟ್ಟುವಾಗ ಸ್ವಲ್ಪ ಜಾಸ್ತಿ ಎಳೆದು ಕಟ್ಟಿದರೆ ಸಾಕು, ಶೂ ಡ್ರಮ್ಮನ್ನು ಒತ್ತಿಕೊಂಡೇ ಇರುತ್ತದೆ. ಆಗ ಎಲ್ಲ ಗೇರಿನಲ್ಲೂ ಗಾಡಿ ಹಿಡಿಯುತ್ತದೆ. ಐದು ನಿಮಿಷದ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದವರನ್ನು ನಾನೇ ನೋಡಿದ್ದೇನೆ.

ಎರಡನೆಯದು ಫೋರ್ ವೀಲ್. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡುತ್ತದೆ ಅಲ್ವಾ? ಕೆಸರಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರ್ ರಸ್ತೆಯಲ್ಲಿ ಜಾರಲು ಜಾಗವಿಲ್ಲ. ಶಾಫ್ಟುಗಳು ತಿರುಚಿಕೊಂಡು ಬಿಗಿದು ನಿಲ್ಲುತ್ತವೆ. ಲಿವರ್ ಕೂಡ ಹೊರಗೆ ಬರುವುದಿಲ್ಲ. ಹೀಗಿದ್ದರೆ ನೇರವಾಗಿ ನಾಲ್ಕೈದು ಮೀಟರ್ ರಿವರ್ಸ್ ತೆಗೆಯಿರಿ, ಇಲ್ಲವೇ ಮುಂದಿನ ಒಂದು ಚಕ್ರ ಎತ್ತಿ. ತಟ್ಟನೆ ಬಿಟ್ಟುಕೊಳ್ಳುತ್ತದೆ. ನೇರ ರಸ್ತೆಯಲ್ಲೂ ಫೋರ್ ವೀಲ್‌ನಲ್ಲಿ ಹಿಡಿದರೆ ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರ್ ಇದೆಯೇ ನೋಡಿ. ಎರಡು ಆಕ್ಸಲ್‌ಗಳ ಒಳಗಿನ ಗೇರ್ ಜೋಡಿಯ, ಅಂದರೆ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕವೂ ಒಂದೇ ಇರಬೇಕು. ಹಳೇ ಜೀಪುಗಳಲ್ಲಿ 43ಕ್ಕೆ 8ರ ಜೋಡಿ ಮಾಮೂಲಿ. ಯಾರೋ ಹಿಂದಿನದನ್ನು ಮಾತ್ರ ಬದಲಾಯಿಸಿದ್ದರೆ ಫೋರ್ ವೀಲ್ ಹಾಕಿದಾಗಲೆಲ್ಲ ಹಿಡಿಯುತ್ತದೆ.

ಟ್ರಾನ್ಸ್‌ಫರ್ ಕೇಸನ್ನೂ ಈ ಸಲವೇ ಬಿಚ್ಚಿದ್ದರೆ ಔಟ್‌ಪುಟ್ ಶಾಫ್ಟಿನ ಪ್ಲೇ, ಅಂದರೆ ಹಿಂದೆ ಮುಂದೆ ಆಡುವ ಸಡಿಲ ಎಷ್ಟಿದೆ ನೋಡಿ. ಅಲ್ಲಿರುವುದು ಟೇಪರ್ ರೋಲರ್ ಬೇರಿಂಗ್. ಹಿಂದಿನ ಕ್ಯಾಪಿನ ಕೆಳಗೆ ಶಿಮ್ (ತೆಳು ಲೋಹದ ಹಾಳೆ) ಹಾಕಿ ಪ್ಲೇ ಹೊಂದಿಸಬೇಕು. 0.10ರಿಂದ 0.20 ಮಿಲಿಮೀಟರ್ ಇರಬೇಕು. ಒಂದು ಶಿಮ್ ಕಳೆದುಹೋಯಿತು ಅಂತ ಬಿಟ್ಟರೆ ಬೇರಿಂಗ್ ಬಿಗಿದು ಬಿಸಿಯಾಗುತ್ತದೆ.

ಕ್ಲಚ್ಚಿನ ಕಡೆಯ ಹಿಡಿತ

ಇದು ಬೇರೆ ಥರ ಇರುತ್ತದೆ. ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳುವುದಿಲ್ಲ, ಕರಕರ ಅನ್ನುತ್ತದೆ. ಬಿದ್ದರೂ ಕ್ಲಚ್ ಒತ್ತಿರುವಾಗಲೇ ಜೀಪು ಮುಂದೆ ತೆವಳುತ್ತದೆ. ಎಂಜಿನ್ ಆಫ್ ಮಾಡಿ ಗೇರ್ ಹಾಕಿದರೆ ಆರಾಮಾಗಿ ಬೀಳುತ್ತದೆ. ಇಂಥ ಕಡೆ ಗೇರ್‌ಬಾಕ್ಸಿನ ಒಳಗೆ ಹುಡುಕಬೇಡಿ. ಫ್ಲೈವೀಲ್ ನಡುವೆ ಇರುವ ಪೈಲಟ್ ಬುಶ್ ನೋಡಿ. ಹೊಸ ಬುಶ್ಶನ್ನು ತಟ್ಟಿ ಕೂರಿಸಿದಾಗ ಅದರ ಒಳ ಅಳತೆ ಕಿರಿದಾಗುತ್ತದೆ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ತರುವ ಇನ್‌ಪುಟ್ ಶಾಫ್ಟಿನ ತುದಿಯನ್ನು ಅದು ಕಚ್ಚಿಕೊಂಡರೆ ಕ್ಲಚ್ ಬಿಟ್ಟರೇನು, ಒತ್ತಿದರೇನು, ಶಾಫ್ಟ್ ಎಂಜಿನ್ ಜೊತೆಗೇ ತಿರುಗುತ್ತದೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗೇರ್‌ಬಾಕ್ಸ್ ಬೆಲ್ ಹೌಸಿಂಗಿಗೆ ಕೈಯಿಂದಲೇ ಸರಿದು ಮುಖಕ್ಕೆ ಮುಖ ಕೂರಬೇಕು. ಅರ್ಧ ಇಂಚು ಸಂದು ಉಳಿದಾಗ ಬೋಲ್ಟ್ ಎಳೆದು ಕೂರಿಸಬೇಡಿ. ಕ್ಲಚ್ ಪ್ಲೇಟ್ ನಡುವಿಗೆ ಬಂದಿಲ್ಲ, ಅಥವಾ ಶಾಫ್ಟ್ ತುದಿ ಬುಶ್ಶಿಗೆ ಸಿಕ್ಕಿಲ್ಲ ಅಂತ ಅರ್ಥ. ಎಳೆದರೆ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ, ಎರಕದ ಕಿವಿಯೂ ಒಡೆಯಬಹುದು. ಅಂಥ ಪೆಟ್ಟಿಗೆ ಬದಲಿ ಹುಡುಕುವುದು ಈಗ ಸುಲಭವಲ್ಲ.

ಯಾವ ಗೇರಿನಲ್ಲಿ ಸರಿ ಇದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಡಿತ ಗೇರ್‌ಬಾಕ್ಸಿನ ಒಳಗೇ ಇದೆ ಅಂತ ಖಾತ್ರಿಯಾಯಿತು ಅಂದುಕೊಳ್ಳಿ. ಎಲ್ಲರೂ ಕೇಳುವುದು "ಯಾವ ಗೇರಿನಲ್ಲಿ ಹಿಡಿಯುತ್ತದೆ?" ಅಂತ. ನೀವು ಇನ್ನೊಂದು ಪ್ರಶ್ನೆ ಕೇಳಿ: ಯಾವ ಗೇರಿನಲ್ಲಿ ಹಿಡಿಯುವುದಿಲ್ಲ?

ಕಾರಣ ಹೇಳುತ್ತೇನೆ. ಟಿ-90ರಲ್ಲಿ ಇನ್‌ಪುಟ್ ಶಾಫ್ಟ್ ಕೆಳಗಿನ ಕೌಂಟರ್ ಗೇರನ್ನು ತಿರುಗಿಸುತ್ತದೆ. ಆ ಕೌಂಟರ್ ಗೇರ್ ಮೇಲಿನ ಸೆಕೆಂಡ್ ಗೇರನ್ನು ಯಾವಾಗಲೂ ತಿರುಗಿಸುತ್ತಲೇ ಇರುತ್ತದೆ. ನೀವು ಸೆಕೆಂಡ್ ಹಾಕದಿದ್ದರೂ ಅದು ಮೈನ್ ಶಾಫ್ಟಿನ (ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಮೇಲಿನ ಶಾಫ್ಟಿನ) ಮೇಲೆ ಸುಮ್ನೆ ಸುತ್ತುತ್ತಿರುತ್ತದೆ. ಸೆಕೆಂಡ್ ಹಾಕಿದಾಗ ಮಾತ್ರ ಸ್ಲೀವ್ ಎಂಬ ಸರಿದಾಡುವ ಬಳೆ ಅದನ್ನು ಶಾಫ್ಟಿಗೆ ಕಟ್ಟುತ್ತದೆ.

ಲೆಕ್ಕ ನೋಡಿ. ಈ ಪೆಟ್ಟಿಗೆಯ ಮಾಮೂಲಿ ಅನುಪಾತ ಫಸ್ಟಿಗೆ 2.798, ಸೆಕೆಂಡಿಗೆ 1.551, ಟಾಪ್ ನೇರ ಒಂದಕ್ಕೊಂದು. ಇನ್‌ಪುಟ್ 1000 ಸುತ್ತು ತಿರುಗಿದರೆ ಫಸ್ಟಿನಲ್ಲಿ ಮೈನ್ ಶಾಫ್ಟ್ ಸುಮಾರು 357 ಸುತ್ತು, ಸೆಕೆಂಡಿನಲ್ಲಿ ಸುಮಾರು 645 ಸುತ್ತು, ಟಾಪಿನಲ್ಲಿ 1000 ಸುತ್ತು ತಿರುಗಬೇಕು. ಈಗ ಸೆಕೆಂಡ್ ಗೇರ್ ಶಾಫ್ಟಿಗೆ ಕಚ್ಚಿಕೊಂಡಿದೆ ಅಂದುಕೊಳ್ಳಿ. ಆಗ ಮೈನ್ ಶಾಫ್ಟ್ ಯಾವಾಗಲೂ 645ರ ಲೆಕ್ಕದಲ್ಲೇ ತಿರುಗುತ್ತದೆ. ನ್ಯೂಟ್ರಲ್‌ನಲ್ಲಿ ಅಡ್ಡಿಯಿಲ್ಲ, ತಡೆಯುವವರು ಯಾರೂ ಇಲ್ಲ. ಸೆಕೆಂಡ್ ಹಾಕಿದರೂ ಅಡ್ಡಿಯಿಲ್ಲ, ಹೇಗೂ ಅದೇ ವೇಗ. ಟಾಪ್ ಹಾಕಿದರೆ ಸ್ಲೀವ್ ಅದೇ ಶಾಫ್ಟನ್ನು 1000ಕ್ಕೆ ಎಳೆಯುತ್ತದೆ. ಫಸ್ಟ್ ಹಾಕಿದರೆ 357ಕ್ಕೆ ಎಳೆಯುತ್ತದೆ. ಒಂದೇ ಶಾಫ್ಟ್ ಎರಡು ವೇಗದಲ್ಲಿ ತಿರುಗಲು ಸಾಧ್ಯವೇ? ಅಲ್ಲಿಗೆ ಪೆಟ್ಟಿಗೆ ಲಾಕ್.

ಆದ್ದರಿಂದ ಸೆಕೆಂಡಿನಲ್ಲಿ ಮಾತ್ರ ಸರಿಯಾಗಿದ್ದು ಫಸ್ಟ್, ಟಾಪ್, ರಿವರ್ಸ್ ಮೂರೂ ಹಿಡಿದರೆ ದೋಷ ಇರುವುದು ಆ ಸರಿಯಿರುವ ಸೆಕೆಂಡ್ ಗೇರಿನಲ್ಲೇ.

ಟಾಪಿನಲ್ಲಿ ಮಾತ್ರ ಸರಿಯಿದ್ದು ಉಳಿದದ್ದೆಲ್ಲ ಹಿಡಿದರೆ? ಇನ್‌ಪುಟ್ ಶಾಫ್ಟೂ ಮೈನ್ ಶಾಫ್ಟೂ ಒಂದಕ್ಕೊಂದು ಕಚ್ಚಿಕೊಂಡಿವೆ. ಇನ್‌ಪುಟ್ ಗೇರಿನ ಹಿಂಬದಿಯ ತೂತಿನಲ್ಲಿ ಮೈನ್ ಶಾಫ್ಟಿನ ಮೂಗು ಕೂರುತ್ತದೆ. ನಡುವೆ 13 ಚಿಕ್ಕ ರೋಲರುಗಳಿವೆ. ಒಂದು ರೋಲರ್ ಅಡ್ಡ ಬಿದ್ದಿದ್ದರೆ, ಅಥವಾ ಟಾಪಿನ ಸಿಂಕ್ರೋ ರಿಂಗ್ ಗೇರಿನ ಕೋನಿಗೆ (ರಿಂಗ್ ಕೂರುವ ಇಳಿಜಾರು ಮುಖಕ್ಕೆ) ಅಂಟಿಕೊಂಡಿದ್ದರೆ ಹೀಗಾಗುತ್ತದೆ.

ನ್ಯೂಟ್ರಲ್‌ನಲ್ಲೇ ಇದನ್ನು ಪರೀಕ್ಷಿಸಬಹುದು. ನ್ಯೂಟ್ರಲ್‌ನಲ್ಲಿ ಹಗುರವಾಗಿ ತಿರುಗಿತು ಅಂತ ಬಹಳ ಜನ ಖುಷಿಪಟ್ಟು ಬಿಟ್ಟುಬಿಡುತ್ತಾರೆ. ಅಷ್ಟು ಸಾಲದು. ಒಂದು ಕೈಯಲ್ಲಿ ಔಟ್‌ಪುಟ್, ಅಂದರೆ ಮೈನ್ ಶಾಫ್ಟಿನ ಹಿಂದಿನ ತುದಿ ಹಿಡಿದುಕೊಳ್ಳಿ, ಇನ್ನೊಂದು ಕೈಯಲ್ಲಿ ಇನ್‌ಪುಟ್ ತಿರುಗಿಸಿ. ಔಟ್‌ಪುಟ್ ನಿಮ್ಮ ಕೈಯಲ್ಲೇ ನಿಲ್ಲಬೇಕು. ಎಣ್ಣೆಯಿಂದಾಗಿ ಸ್ವಲ್ಪ ಎಳೆತ ಇರುತ್ತದೆ, ಅದು ಸಹಜ. ಆದರೆ ಕೈಯನ್ನು ತಿರುಗಿಸಿಕೊಂಡು ಹೋಗುವಷ್ಟು ಎಳೆದರೆ ಒಳಗೆ ಏನೋ ಕಚ್ಚಿದೆ. ಆಗ ಔಟ್‌ಪುಟ್ ಬಿಟ್ಟು ಸುತ್ತು ಎಣಿಸಿ. ಇನ್‌ಪುಟ್ ಒಂದು ಸುತ್ತಿಗೆ ಔಟ್‌ಪುಟ್ ಕೂಡ ಒಂದು ಸುತ್ತು ಬಂದರೆ ಮೂಗಿನ ರೋಲರ್ ಕಡೆ ನೋಡಿ. ಒಂದೂವರೆಗಿಂತ ತುಸು ಜಾಸ್ತಿ ಸುತ್ತಿಗೆ ಒಂದು ಬಂದರೆ ಸೆಕೆಂಡ್ ಗೇರ್.

ಇನ್ನೊಂದು ಎಚ್ಚರಿಕೆ. ಫಸ್ಟ್ ಗೇರ್ ಹಾಕಿ ಔಟ್‌ಪುಟ್ ಕಡೆಯಿಂದ ತಿರುಗಿಸಿದರೆ ಒಳ್ಳೆಯ ಗೇರ್‌ಬಾಕ್ಸೂ ಭಾರವಾಗಿಯೇ ಇರುತ್ತದೆ. ನೀವು ಒಂದು ಸುತ್ತು ತಿರುಗಿಸಿದರೆ ಇನ್‌ಪುಟ್ ಸುಮಾರು 2.8 ಸುತ್ತು ಓಡಬೇಕು. ಅದನ್ನು ಹಿಡಿತ ಅಂದುಕೊಳ್ಳಬೇಡಿ. ಯಾವಾಗಲೂ ಇನ್‌ಪುಟ್ ಕಡೆಯಿಂದ ತಿರುಗಿಸಿ ನೋಡಿ.

ನಮ್ಮ ಜೀಪಿಗೆ ಆಗಿದ್ದು ಸೆಕೆಂಡ್ ಗೇರಿನ ಕಚ್ಚುವಿಕೆಯೇ. ನಾನೇ ಕಟ್ಟಿದ್ದೆ. ತಣ್ಣಗಿದ್ದಾಗ ಎಲ್ಲ ಗೇರೂ ಸರಿ ಇತ್ತು. ಎರಡು ಮೂರು ಕಿಲೋಮೀಟರ್ ಹೋದ ಮೇಲೆ ಟಾಪಿನಲ್ಲಿ ಎಳೆಯಲು ಶುರುವಾಯಿತು. ಏರಿನಲ್ಲಿ ಫಸ್ಟ್ ಹಾಕಿದರೆ ಎಂಜಿನ್ ನಿಂತೇಹೋಯಿತು. ಸೆಕೆಂಡಿನಲ್ಲಿ ಮಾತ್ರ ಮನೆಯವರೆಗೂ ಬಂದೆ. ಎರಡು ಸಲ ಪೆಟ್ಟಿಗೆ ಬಿಚ್ಚಿದೆ. ಸೆಕೆಂಡ್ ಒಂದೇ ಚೆನ್ನಾಗಿದೆ ಅಂತ ಅದನ್ನು ಬಿಟ್ಟು ಉಳಿದದ್ದೆಲ್ಲ ಅಳೆದೆ. ಏನೂ ಸಿಗಲಿಲ್ಲ. ಕೊನೆಗೆ ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. "ಸೆಕೆಂಡ್ ಬಿಟ್ಟು ಎಲ್ಲ ಹಿಡಿಯುತ್ತೆ ಮೇಸ್ತ್ರೀ" ಅಂದೆ. ಅವರು ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. "ಹಂಗಾದ್ರೆ ಸೆಕೆಂಡನ್ನೇ ನೋಡಪ್ಪಾ, ಅದೇ ಮಿಕ್ಕಿದ್ದನ್ನ ಹಿಡ್ಕೊಂಡಿರೋದು" ಅಂದರು. ಮನೆಗೆ ಬಂದು ನೋಡಿದರೆ ಹೊಸದಾಗಿ ತಂದ ಸೆಕೆಂಡ್ ಗೇರ್ ಸಿಂಕ್ರೋ ಹಬ್ಬಿಗೂ ಶಾಫ್ಟಿನ ಮೆಟ್ಟಿಲಿಗೂ ನಡುವೆ ಬಿಗಿಯಾಗಿ ಕೂತಿತ್ತು. ಫೀಲರ್ ಗೇಜಿನ ತೀರಾ ತೆಳು ಹಾಳೆಯೂ ಒಳಗೆ ಹೋಗಲಿಲ್ಲ. ತಣ್ಣಗಿದ್ದಾಗ ಹೇಗೋ ಸುತ್ತುತ್ತಿತ್ತು, ಬಿಸಿಯಾಗಿ ಹಿಗ್ಗಿದ ಕೂಡಲೇ ಕಚ್ಚುತ್ತಿತ್ತು. ಬದಿಯಲ್ಲಿ ಉಜ್ಜಿದ ನೀಲಿ ಗುರುತೂ ಇತ್ತು. ಎರಡು ಸಲ ಬಿಚ್ಚಿದಾಗಲೂ ಆ ಗುರುತು ಅಲ್ಲೇ ಇದ್ದಿರಬೇಕು. ನಾನು ನೋಡಿರಲಿಲ್ಲ.

ಹಳೆಯ ಸೆಕೆಂಡ್ ಗೇರ್ ಎಸೆದಿರಲಿಲ್ಲ. ಅದನ್ನೇ ತೊಳೆದು ಹಾಕಿದೆ. ಹಲ್ಲು ಸ್ವಲ್ಪ ಸವೆದಿದೆ, ಸದ್ದು ತುಸು ಜಾಸ್ತಿ. ಆದರೆ ಸುತ್ತುತ್ತದೆ.

ನೀವು ಕಟ್ಟುವಾಗ ಇದನ್ನು ಮೇಜಿನ ಮೇಲೇ ನೋಡಿಕೊಳ್ಳಬಹುದು. ಮೈನ್ ಶಾಫ್ಟ್ ಜೋಡಿಸಿ ಲಾಕ್ ರಿಂಗ್ ಹಾಕಿದ ಮೇಲೆ ಸೆಕೆಂಡ್ ಗೇರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಹಗುರವಾಗಿ ಸುತ್ತಬೇಕು. ಹಿಂದೆ ಮುಂದೆ ಅಲ್ಲಾಡಿಸಿದರೆ ಟಿಕ್ ಟಿಕ್ ಅಂತ ಕೂದಲೆಳೆಯಷ್ಟಾದರೂ ಆಡಬೇಕು. ಸಿಂಕ್ರೋ ರಿಂಗನ್ನು ಕೋನಿಗೆ ಒತ್ತಿ ತಿರುಚಿ ನೋಡಿ. ಹಿಡಿಯಬೇಕು, ಬಿಟ್ಟಾಗ ಬಿಡಬೇಕು. ರಿಂಗಿನ ಹಲ್ಲಿಗೂ ಗೇರಿನ ಚಿಕ್ಕ ಹಲ್ಲಿಗೂ ನಡುವೆ ಸಂದು ಉಳಿಯಬೇಕು. ಹಬ್ಬನ್ನೋ ಸ್ಲೀವನ್ನೋ ಹಿಂದುಮುಂದಾಗಿ ಹಾಕಿದರೂ ಇದೇ ಜಾಗದಲ್ಲಿ ಬಿಗಿತ ಬರುತ್ತದೆ. ಬಿಚ್ಚುವಾಗಲೇ ಫೋನಿನಲ್ಲಿ ಎರಡು ಫೋಟೋ ತೆಗೆದಿಟ್ಟುಕೊಂಡರೆ ಈ ತಲೆನೋವು ಇರುವುದಿಲ್ಲ.

ನ್ಯೂಟ್ರಲ್‌ನಲ್ಲೂ ಇನ್‌ಪುಟ್ ಬಿಗಿ

ಗೇರ್ ಯಾವುದೇ ಇರಲಿ, ನ್ಯೂಟ್ರಲ್‌ನಲ್ಲೂ ಇನ್‌ಪುಟ್ ಬಿಗಿಯಾಗಿಯೇ ತಿರುಗಿದರೆ ಎರಡೇ ಜಾಗ: ಇನ್‌ಪುಟ್ ಬೇರಿಂಗ್ ಅಥವಾ ಕೌಂಟರ್ ಗೇರ್.

ಬೇರಿಂಗಿನದ್ದು ಸುಲಭ. ಬೇರಿಂಗನ್ನು ಹಿಡಿದಿಡುವ ಮುಂದಿನ ಮುಚ್ಚಳದ, ಅಂದರೆ ರಿಟೇನರಿನ ಬೋಲ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ. ತಕ್ಷಣ ಹಗುರವಾಯಿತೇ? ರಿಟೇನರ್ ಬೇರಿಂಗನ್ನು ಅಮುಕುತ್ತಿದೆ. ಹಳೆಯ ಪ್ಯಾಕಿಂಗ್ ತೆಗೆದು ಬರೀ ಸೀಲಂಟ್ ಹಚ್ಚಿದ್ದರೆ ಹೀಗಾಗುತ್ತದೆ. ಪ್ಯಾಕಿಂಗ್ ಇರುವುದು ಎಣ್ಣೆ ತಡೆಯಲು ಮಾತ್ರ ಅಲ್ಲ, ಅದರ ದಪ್ಪಕ್ಕೂ ಲೆಕ್ಕವಿದೆ. ಬೇರಿಂಗಿನ ಸ್ನ್ಯಾಪ್ ರಿಂಗ್ ಪೂರ್ತಿ ಕೂತಿದೆಯೇ, ಎಣ್ಣೆ ತಡೆಯುವ ತೆಳು ವಾಷರ್ ತಿರುವುಮುರುವಾಗಿ ಬೇರಿಂಗಿಗೆ ಉಜ್ಜುತ್ತಿದೆಯೇ, ಇವನ್ನೂ ನೋಡಿ.

ಈ ಸಡಿಲಿಸಿ ನೋಡುವ ಕ್ರಮ ನನಗೆ ಬಹಳ ಇಷ್ಟ. ಏನೂ ಬಿಚ್ಚಬೇಕಿಲ್ಲ. ಬಿಗಿ ಇರುವ ಒಂದೊಂದು ಜಾಗವನ್ನೂ ಒಂದು ಸುತ್ತು ಸಡಿಲಿಸುವುದು, ತಿರುಗಿಸಿ ನೋಡುವುದು, ಮತ್ತೆ ಬಿಗಿಯುವುದು. ಯಾವುದನ್ನು ಸಡಿಲಿಸಿದಾಗ ಪೆಟ್ಟಿಗೆ ಉಸಿರು ಬಿಟ್ಟಿತೋ ಅಲ್ಲಿ ಹುಡುಕುವುದು.

ಕೌಂಟರ್ ಗೇರಿನ ಕೆಲಸ ಅಷ್ಟು ಸುಲಭವಲ್ಲ. ಅದರ ಒಳಗೆ ಸೂಜಿಯಂಥ ರೋಲರುಗಳು ಒಟ್ಟು 88 ಇವೆ. 22ರ ನಾಲ್ಕು ಸಾಲು. ಗ್ರೀಸ್ ಹಚ್ಚಿ ಒಂದೊಂದಾಗಿ ಅಂಟಿಸಬೇಕು. 21 ಹಾಕಿದರೂ ಸಾಲು ತುಂಬಿದ ಹಾಗೇ ಕಾಣುತ್ತದೆ. ಓಡುವಾಗ ಉಳಿದ ಸಂದಿನಲ್ಲಿ ಒಂದು ರೋಲರ್ ಸೊಟ್ಟಗಾಗಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅಂಟಿಸುವ ಮೊದಲೇ ಒಂದು ತಟ್ಟೆಯಲ್ಲಿ 22ರ ನಾಲ್ಕು ಗುಂಪು ಮಾಡಿಟ್ಟುಕೊಳ್ಳಿ. ಕೊನೆಯಲ್ಲಿ ತಟ್ಟೆ ಖಾಲಿಯಾಗಿರಬೇಕು. ಪೆಟ್ಟಿಗೆಯ ತಳದಲ್ಲೂ ಟಾರ್ಚ್ ಬಿಟ್ಟು, ಆಯಸ್ಕಾಂತ ಆಡಿಸಿ ನೋಡಿ. ಬಿದ್ದ ಒಂದು ರೋಲರ್ ಎಣ್ಣೆಯ ಜೊತೆ ಮೇಲೆದ್ದು ಹಲ್ಲಿನ ನಡುವೆ ಸಿಕ್ಕಿದರೆ ಹಲ್ಲೇ ಹೋಗುತ್ತದೆ.

ಟಿ-90 ಕಟ್ಟುವಾಗ ಕೌಂಟರ್ ಗೇರನ್ನು ಮೊದಲು ಪೆಟ್ಟಿಗೆಯ ತಳದಲ್ಲಿ ಮಲಗಿಸಬೇಕು. ಮೈನ್ ಶಾಫ್ಟ್, ಇನ್‌ಪುಟ್ ಎರಡೂ ಕೂತ ಮೇಲೆ ಅದನ್ನು ಮೇಲೆತ್ತಿ ಹಿಂದಿನಿಂದ ಶಾಫ್ಟ್ ತೂರಿಸಬೇಕು. ತಪ್ಪು ಆಗುವುದು ಹೆಚ್ಚಾಗಿ ಈ ಎತ್ತುವ ಹೊತ್ತಿನಲ್ಲಿ. ಮುಂದಿನ ದೊಡ್ಡ ಕಂಚಿನ ಥ್ರಸ್ಟ್ ವಾಷರಿಗೆ ಒಂದು ನಾಲಿಗೆ ಇದೆ. ಅದು ಪೆಟ್ಟಿಗೆಯ ತೋಡಿನಲ್ಲಿ ಕೂತಿರಬೇಕು. ಗೇರ್ ಎತ್ತುವಾಗ ವಾಷರ್ ಜಾರಿ ನಾಲಿಗೆ ಹೊರಗೆ ಬಂದರೆ ಕೌಂಟರ್ ಗೇರ್ ಎರಡು ಗೋಡೆಗಳ ನಡುವೆ ಒತ್ತಿಕೊಳ್ಳುತ್ತದೆ. ಗ್ರೀಸ್ ಧಾರಾಳವಾಗಿ ಹಚ್ಚಿ. ಗೇರ್ ಮತ್ತು ವಾಷರುಗಳಷ್ಟೇ ಉದ್ದದ ಪೈಪಿನ ತುಂಡನ್ನೋ ದುಂಡು ಮರದ ತುಂಡನ್ನೋ ಒಳಗಿಟ್ಟುಕೊಂಡರೆ ರೋಲರೂ ಬೀಳುವುದಿಲ್ಲ, ವಾಷರೂ ಜಾರುವುದಿಲ್ಲ. ಶಾಫ್ಟ್ ಬಂದಂತೆ ಆ ತುಂಡು ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ.

ಕಟ್ಟಿದ ಮೇಲೆ ಪ್ಲೇ ಅಳೆಯಿರಿ. ಗೇರಿಗೂ ವಾಷರಿಗೂ ನಡುವೆ 0.30ರಿಂದ 0.45 ಮಿಲಿಮೀಟರ್ ಇರಬೇಕು. ಇಂಚಿನಲ್ಲಿ 0.012ರಿಂದ 0.018. ಹಿಂದಿನ ಉಕ್ಕಿನ ವಾಷರ್ ಬೇರೆ ಬೇರೆ ದಪ್ಪದಲ್ಲಿರುತ್ತದೆ, ಅದನ್ನು ಬದಲಾಯಿಸಿ ಪ್ಲೇ ಹೊಂದಿಸಬೇಕು. ಹೊಸ ಕಂಚಿನ ವಾಷರ್ ಹಾಕಿ ಹಳೆಯ ದಪ್ಪ ಉಕ್ಕಿನ ವಾಷರನ್ನೇ ಬಿಟ್ಟರೆ ಪ್ಲೇ ಪೂರ್ತಿ ಮಾಯವಾಗುತ್ತದೆ. ಇದು ಬಿಚ್ಚಿ ಕಟ್ಟಿದವರ ಕೈಯಲ್ಲಿ ಮಾತ್ರ ಹುಟ್ಟುವ ದೋಷ. ಸವೆದ ಪೆಟ್ಟಿಗೆಯಲ್ಲಿ ಎಂದೂ ಇರುವುದಿಲ್ಲ.

ಪೂರ್ತಿ ಬಿಗಿಯಲ್ಲ, ಒಂದು ಜಾಗದಲ್ಲಿ ಮಾತ್ರ

ತಿರುಗಿಸುತ್ತಾ ಹೋದಾಗ ಒಂದು ಕಡೆ ಮಾತ್ರ ಗಕ್ಕನೆ ಹಿಡಿದು, ದಾಟಿದ ಮೇಲೆ ಹಗುರವಾದರೆ ಸೀಮೆಸುಣ್ಣ ತೆಗೆಯಿರಿ. ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಗುರುತು ಹಾಕಿ. ಮೇಲಿನ ಮುಚ್ಚಳ ತೆಗೆದು ಕೌಂಟರ್ ಗೇರಿನ ಒಂದು ಹಲ್ಲಿಗೂ ಹಾಕಿ. ಮುಚ್ಚಳ ಇಲ್ಲದಿದ್ದರೂ ಸ್ಕ್ರೂ ಡ್ರೈವರಿನಿಂದ ಸ್ಲೀವನ್ನು ಸರಿಸಿ ಗೇರ್ ಹಾಕಬಹುದು. ಬೆರಳು ಮಾತ್ರ ಒಳಗಿಡಬೇಡಿ.

ಈಗ ನಿಧಾನಕ್ಕೆ ತಿರುಗಿಸುತ್ತಾ ಹಿಡಿದಾಗಲೆಲ್ಲ ಯಾವ ಗುರುತು ಮೇಲಿದೆ ಅಂತ ಬರೆಯಿರಿ. ಪ್ರತಿ ಸಲವೂ ಇನ್‌ಪುಟ್ಟಿನ ಗುರುತೇ ಮೇಲಿದ್ದರೆ ಇನ್‌ಪುಟ್ ಗೇರಿನ ಹಲ್ಲು ಅಥವಾ ಶಾಫ್ಟಿನ ಸೊಟ್ಟ. ಔಟ್‌ಪುಟ್ಟಿನ ಗುರುತಿಗೆ ಹಿಡಿದರೆ ಮೈನ್ ಶಾಫ್ಟ್ ಮೇಲಿನದ್ದು. ಎರಡೂ ಅಲ್ಲದೆ ಕೌಂಟರ್ ಗೇರಿನ ಗುರುತಿಗೆ ಹಿಡಿದರೆ ಕೆಳಗಿನದ್ದು. ಮುಚ್ಚಳ ತೆಗೆಯಲಾಗದಿದ್ದರೆ ಹಲ್ಲಿನ ಲೆಕ್ಕ ಗೊತ್ತಿರಬೇಕು. ಇನ್‌ಪುಟ್ಟಿಗೆ 20, ಕೆಳಗಿನದಕ್ಕೆ 30 ಹಲ್ಲು ಅಂದುಕೊಳ್ಳಿ. ಆಗ ಇನ್‌ಪುಟ್ ಒಂದೂವರೆ ಸುತ್ತಿಗೊಮ್ಮೆ ಹಿಡಿದರೆ ಕೌಂಟರ್ ಗೇರ್ ಅಂತ ತಿಳಿಯಬಹುದು. ನಿಮ್ಮ ಪೆಟ್ಟಿಗೆಯ ಹಲ್ಲುಗಳನ್ನು ನೀವೇ ಎಣಿಸಿ.

ಜಾಗ ಸಿಕ್ಕ ಮೇಲೆ ಆ ಹಲ್ಲಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ಶಾಫ್ಟ್ ಹೊರತೆಗೆಯುವಾಗ ಸುತ್ತಿಗೆ ತಗುಲಿ ಎದ್ದ ಚಿಕ್ಕ ಮುಳ್ಳು ಸಾಕು ಹೀಗಾಗಲು. ನುಣುಪು ಎಣ್ಣೆಕಲ್ಲಿನಿಂದ ಆ ಮುಳ್ಳನ್ನು ಮಾತ್ರ ಉಜ್ಜಿ ತೆಗೆಯಿರಿ. ಹಲ್ಲಿನ ಮುಖಕ್ಕೆ ಗ್ರೈಂಡರ್ ಹಿಡಿಯಬೇಡಿ.

ಫಸ್ಟಿನಲ್ಲಿ ಮಾತ್ರ ಹೀಗಾದರೆ ಫಸ್ಟ್ ಗೇರ್ ಸರಿದಾಡುವ ಗೇರ್ ಅನ್ನುವುದು ನೆನಪಿರಲಿ. ಇದಕ್ಕೆ ಸಿಂಕ್ರೋ ಇಲ್ಲ. ಗೇರೇ ಶಾಫ್ಟಿನ ತೋಡುಗಳ ಮೇಲೆ ಜಾರಿ ಕೌಂಟರ್ ಗೇರಿಗೋ ರಿವರ್ಸ್ ಐಡ್ಲರಿಗೋ (ರಿವರ್ಸಿಗೆಂದೇ ಇರುವ ನಡುವಿನ ಗೇರಿಗೋ) ಸೇರುತ್ತದೆ. ಗೇರನ್ನು ಸರಿಸುವ ಫೋರ್ಕ್ ಬಾಗಿದ್ದರೆ ಪೂರ್ತಿ ಸರಿಯದೆ ಹಲ್ಲಿನ ತುದಿಯಲ್ಲೇ ನಿಲ್ಲುತ್ತದೆ. ಹಲ್ಲುಗಳ ತುದಿ ಜಜ್ಜಿದ್ದರೆ ಅದೇ ಸಾಕ್ಷಿ.

ಒಮ್ಮೆಲೇ ಕಲ್ಲಿನ ಹಾಗೆ ಲಾಕ್

ಯಾವ ಕಡೆಗೂ ಒಂದು ಕೂದಲೂ ತಿರುಗದಿದ್ದರೆ ಎರಡು ಗೇರ್ ಒಟ್ಟಿಗೆ ಬಿದ್ದಿರುವ ಸಾಧ್ಯತೆ ಜಾಸ್ತಿ. ಮೇಲಿನ ಮುಚ್ಚಳದಲ್ಲಿ ಎರಡು ರಾಡ್ ಇವೆ. ಒಂದು ಫಸ್ಟ್ ಮತ್ತು ರಿವರ್ಸಿಗೆ, ಇನ್ನೊಂದು ಸೆಕೆಂಡ್ ಮತ್ತು ಟಾಪಿಗೆ. ಎರಡರ ನಡುವೆ ಇಂಟರ್‌ಲಾಕ್ ಪಿನ್ ಒಂದಿದೆ. ಒಂದು ರಾಡ್ ಸರಿದಾಗ ಇನ್ನೊಂದನ್ನು ಸರಿಯದಂತೆ ತಡೆಯುವುದೇ ಅದರ ಕೆಲಸ. ಮುಚ್ಚಳ ತೊಳೆಯುವಾಗ ಈ ಪಿನ್ ಡೀಸೆಲ್ ಬಕೆಟ್ಟಿಗೆ ಬಿದ್ದು ಹೋಗುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಗುಂಡು, ಸ್ಪ್ರಿಂಗ್ ಎರಡೂ ಇವೆಯಲ್ಲ ಅಂತ ಕಟ್ಟಿಬಿಡುತ್ತಾರೆ. ಪರೀಕ್ಷೆ ಸುಲಭ. ಮುಚ್ಚಳವನ್ನು ಕೈಯಲ್ಲಿ ಹಿಡಿದು ಒಂದು ಫೋರ್ಕನ್ನು ಗೇರ್ ಸ್ಥಾನಕ್ಕೆ ಸರಿಸಿ. ಈಗ ಇನ್ನೊಂದು ಫೋರ್ಕನ್ನು ಸ್ಕ್ರೂ ಡ್ರೈವರಿನಿಂದ ತಳ್ಳಿ. ಸರಿದರೆ ಪಿನ್ ಇಲ್ಲ.

ಮುಚ್ಚಳ ಕೂರಿಸುವಾಗ ಎರಡೂ ಫೋರ್ಕ್ ನ್ಯೂಟ್ರಲ್‌ನಲ್ಲಿರಲಿ, ಕೆಳಗಿನ ಸ್ಲೀವ್ ಮತ್ತು ಫಸ್ಟ್ ಗೇರ್ ಕೂಡ ನ್ಯೂಟ್ರಲ್‌ನಲ್ಲಿರಲಿ. ಫೋರ್ಕ್ ತನ್ನ ತೋಡಿನಲ್ಲಿ ಇಳಿದಿದೆಯೇ ಅಂತ ಬೋಲ್ಟ್ ಹಾಕುವ ಮೊದಲೇ ಲಿವರ್ ಆಡಿಸಿ ನೋಡಿ.

ಟ್ರಾನ್ಸ್‌ಫರ್ ಕೇಸ್ ಸೇರಿಸಿದ ಮೇಲೆ ಶುರುವಾದ ಹಿಡಿತ

ಇದು ಜೀಪಿನವರು ಬಹಳ ಗಮನಿಸಬೇಕಾದ ವಿಷಯ. ಟಿ-90ರ ಮೈನ್ ಶಾಫ್ಟಿನ ಹಿಂದಿನ ತುದಿ ಟ್ರಾನ್ಸ್‌ಫರ್ ಕೇಸಿನ ಒಳಗೇ ಹೋಗುತ್ತದೆ. ಅಲ್ಲಿರುವ ಗೇರ್ ಮತ್ತು ನಟ್ ಬಿಗಿಯಾದಾಗಲೇ ಶಾಫ್ಟ್ ತನ್ನ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೇ ಬರೀ ಗೇರ್‌ಬಾಕ್ಸನ್ನು ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಆ ಗೇರಿನ ಬದಲು ಅಷ್ಟೇ ಉದ್ದದ ಪೈಪಿನ ತುಂಡು ಹಾಕಿ ನಟ್ ಬಿಗಿಯಿರಿ. ಇಲ್ಲದಿದ್ದರೆ ಶಾಫ್ಟ್ ಹಿಂದೆ ಮುಂದೆ ತೇಲುತ್ತದೆ, ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಮೇಜಿನ ಮೇಲೆ ಸರಿಯಿದ್ದದ್ದು ಗಾಡಿಯಲ್ಲಿ ಹಿಡಿಯಲು ಇದೂ ಒಂದು ಕಾರಣ.

ಟ್ರಾನ್ಸ್‌ಫರ್ ಕೇಸನ್ನು ಗೇರ್‌ಬಾಕ್ಸಿನಿಂದ ಎಳೆಯುವಾಗ ಮೈನ್ ಶಾಫ್ಟೂ ಜೊತೆಗೆ ಹಿಂದೆ ಬರಲು ನೋಡುತ್ತದೆ. ಬಂದರೆ ಸಿಂಕ್ರೋ ಬಿಡಿಗಳು ಪೆಟ್ಟಿಗೆಯ ತಳಕ್ಕೆ ಬೀಳುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹಾಗೇ ವಾಪಸ್ ತಳ್ಳಿ ಕಟ್ಟಿದರೆ ಹಿಡಿಯದೆ ಇನ್ನೇನು ಮಾಡೀತು? ಇದಕ್ಕೆ ಹಳೆಯ ಉಪಾಯವೊಂದಿದೆ. ಮೇಲಿನ ಮುಚ್ಚಳ ತೆಗೆದು, ಸೆಕೆಂಡ್ ಗೇರಿನ ಹಿಂದೆಯೇ ಮೈನ್ ಶಾಫ್ಟಿಗೆ ತಂತಿಯ ಕುಣಿಕೆ ಹಾಕಿ. ಮುಚ್ಚಳದ ಎರಡು ಬೋಲ್ಟುಗಳನ್ನು ಪೆಟ್ಟಿಗೆಗೆ ತಿರುಗಿಸಿ, ತಂತಿಯನ್ನು ಅವಕ್ಕೆ ಸುತ್ತಿ ಬಿಗಿಯಿರಿ. ಶಾಫ್ಟ್ ಅಲ್ಲಾಡುವುದಿಲ್ಲ. ಟ್ರಾನ್ಸ್‌ಫರ್ ಕೇಸ್ ಮಾತ್ರ ಹೊರಗೆ ಬರುತ್ತದೆ. ಕಟ್ಟಿದ ಮೇಲೆ ತಂತಿ ತೆಗೆಯಲು ಮರೆಯಬೇಡಿ.

ಟ್ರಾನ್ಸ್‌ಫರ್ ಕೇಸಿನ ಬೋಲ್ಟ್ ಬಿಗಿದಾಗಲೇ ಹಿಡಿದು, ಸಡಿಲಿಸಿದರೆ ಬಿಡುತ್ತದೆಯೇ? ಎರಡು ಮುಖಗಳ ನಡುವೆ ಏನೋ ಉಬ್ಬಿ ನಿಂತಿದೆ. ಹಿಂಬದಿಯಲ್ಲಿ ಕೌಂಟರ್ ಶಾಫ್ಟನ್ನೂ ರಿವರ್ಸ್ ಐಡ್ಲರ್ ಶಾಫ್ಟನ್ನೂ ಹಿಡಿದಿಡುವ ಒಂದು ಲಾಕ್ ಪಟ್ಟಿ ಇದೆ. ಎರಡೂ ಶಾಫ್ಟುಗಳ ಸೀಳು ಎದುರುಬದುರಾಗಿದ್ದರೆ ಮಾತ್ರ ಅದು ಪೂರ್ತಿ ಒಳಗೆ ಕೂರುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಹಿಂದಿನ ಬೇರಿಂಗಿನ ಸ್ನ್ಯಾಪ್ ರಿಂಗ್ ನೋಡಿ.

ಸರಿಯಾದ ಮೇಲೆ

ಎಣ್ಣೆ ತುಂಬಿ. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಬೇರೆ ಬೇರೆ ಪ್ಲಗ್ ಇದೆ, ಎರಡೂ ಕಡೆ ಮಟ್ಟ ನೋಡಿ. 90 ನಂಬರಿನ ಗೇರ್ ಆಯಿಲ್ ಸಾಕು. ಕಂಚಿನ ಸಿಂಕ್ರೋ ರಿಂಗ್ ಇರುವುದರಿಂದ ನಾನು ಜಿಎಲ್-4 ದರ್ಜೆಯದ್ದನ್ನೇ ಹಾಕುತ್ತೇನೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ಗಟ್ಟಿಯಾಗಿ ಗೇರ್ ಭಾರವಾಗುವುದು ಬೇರೆ, ಹಿಡಿಯುವುದು ಬೇರೆ. ಐದು ನಿಮಿಷ ಓಡಿದ ಮೇಲೆ ಹಗುರವಾದರೆ ಅದು ಎಣ್ಣೆ. ಓಡಿದಂತೆಲ್ಲ ಬಿಗಿಯಾದರೆ ಅದು ಲೋಹ.

ಮೊದಲ ಓಟ ಮನೆಯ ಹತ್ತಿರವೇ ಇರಲಿ. ಏರು ಬೇಡ, ಭಾರ ಬೇಡ. ಎಲ್ಲ ಗೇರಿನಲ್ಲೂ ಒಂದೊಂದು ಕಿಲೋಮೀಟರ್ ಓಡಿಸಿ. ನಡುವೆ ನಿಲ್ಲಿಸಿ ನ್ಯೂಟ್ರಲ್ ಹಾಕಿ, ಕ್ಲಚ್ ಬಿಟ್ಟು ನೋಡಿ, ಜೀಪು ತಾನಾಗಿ ತೆವಳಬಾರದು. ಇಳಿದು ಪೆಟ್ಟಿಗೆಯ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿರಬೇಕು, ಮುಟ್ಟಲಾಗದಷ್ಟು ಸುಡಬಾರದು. ಒಂದೇ ಕಡೆ ಜಾಸ್ತಿ ಸುಡುತ್ತಿದ್ದರೆ ಆ ಕಡೆಯ ಬೇರಿಂಗೋ ವಾಷರೋ ಇನ್ನೂ ಬಿಗಿ ಇದೆ. ಮರುದಿನ ಇನ್ನೊಂದು ಹತ್ತು ಕಿಲೋಮೀಟರ್ ಓಡಿಸಿ, ಬಿಸಿಯಿರುವಾಗಲೇ ಎಣ್ಣೆ ಬಿಳಿ ಬಟ್ಟೆಯ ಮೇಲೆ ಇಳಿಸಿ. ಕಂಚಿನ ನುಣ್ಣನೆ ಹೊಳಪು ಸ್ವಲ್ಪ ಇರುತ್ತದೆ, ಹೊಸ ರಿಂಗ್ ಹೊಂದಿಕೊಳ್ಳುವಾಗ ಬರುವಂಥದ್ದು. ಚೂರು ಅಥವಾ ಸೂಜಿ ರೋಲರಿನ ತುಂಡು ಸಿಕ್ಕರೆ ಜೀಪನ್ನು ಅಲ್ಲೇ ನಿಲ್ಲಿಸಿ, ಕೌಂಟರ್ ಗೇರ್ ಮತ್ತೆ ಹೊರತೆಗೆಯಿರಿ.